ಹೂವಿದ್ದ ಬಸ್ಸು ಮೊದಲು

ಮೊನ್ನೆ ಶ್ರೀರಂಗಪಟ್ಟಣದಲ್ಲಿ, ಕೋಟೆ ಒಳಗೆ ಟೂರಿಸ್ಟ್ ಗಾಡಿಗಳು ನಿಲ್ಲೋ ಜಾಗದಲ್ಲಿ, ಮೂಗಿಗೆ ಒಂದು ವಾಸನೆ ಬಡೀತು. ಅರ್ಧ ಡೀಸೆಲ್ ಹೊಗೆ, ಅರ್ಧ ಸೇವಂತಿಗೆ. ನೋಡಿದ್ರೆ ಎರಡು ಬಸ್ಸಿನ ನಡುವಿನ ಸಂದಿಯಲ್ಲಿ ನೆರಳು ಸಿಕ್ತು ಅಂತ ಹೆಂಗಸೊಬ್ಬಳು ಹೂವಿನ ಕುಕ್ಕೆ ಇಟ್ಕೊಂಡು ಕೂತಿದ್ದಳು. ಎರಡೂ ಬಸ್ಸು ನಿಂತಲ್ಲೇ ನಿಂತು ಗುರುಗುರು ಅಂತಿದ್ವು. ಒಳಗೆ ಎ.ಸಿ. ಹಾಕ್ಕೊಂಡು ಡ್ರೈವರುಗಳು ನಿದ್ದೆ ಹೊಡೀತಿದ್ರು. ನನ್ನ ಟೆಂಪೋ ಟ್ರಾವೆಲರ್ ಗಾಜು ಒರೆಸ್ತಿದ್ದೋನು ಬಟ್ಟೆ ಕೈಯಲ್ಲೇ ಹಿಡ್ಕೊಂಡು ನಿಂತುಬಿಟ್ಟೆ. ನಮ್ಮ ಹೂವಕ್ಕ ನೆನಪಾದ್ಲು…

ಹೂವಕ್ಕ ಅಂದ್ರೆ ನಾಗಮಂಗಲದ ಪ್ರೈವೇಟ್ ಬಸ್ಸುಗಳು ನಿಲ್ಲೋ ಕಡೆ, ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ಹೂವು ಮಾರ್ತಿದ್ದೋಳು. ಅವಳ ಹೆಸರು ಹಿಡಿದು ಕರೆದೋರನ್ನ ನಾನು ಕಂಡಿಲ್ಲ. 'ಅಕ್ಕ' ಅಂದ್ಮೇಲೆ ಬಹುವಚನ ಹಾಕಬೇಕಲ್ವಾ ಅಂತ ಓದಿದೋರು ಕೇಳಬಹುದು. ನಮ್ಮ ಕಡೆ ಹೆತ್ತ ತಾಯಿಗೇ ಹಾಕೋದಿಲ್ಲ, ಇನ್ನು ಅಕ್ಕಂಗೆ ಎಲ್ಲಿಂದ ತರೋಣ? ಪ್ರೀತಿ ಇದ್ರೆ ಏಕವಚನ, ಕೆಲಸ ಆಗಬೇಕಾಗಿದ್ರೆ ಬಹುವಚನ, ನಮ್ಮ ಲೆಕ್ಕ ಅಷ್ಟೇ.

ಆಗ ನಾನು ನಾಗಮಂಗಲದಿಂದ ಬಿಂಡಿಗನವಿಲೆ ಕಡೆ ಹೋಗೋ ಪ್ರೈವೇಟ್ ಬಸ್ಸಿನ ಡ್ರೈವರು. ಹಗಲೆಲ್ಲಾ ಅದೇ ರೋಡಲ್ಲಿ ಹೋಗೋದು, ಬರೋದು. ನಮ್ಮ ಪ್ರೈವೇಟ್ ಬಸ್ಸಿನ ಕಸುಬಲ್ಲಿ ಒಂದು ವಿದ್ಯೆ ಉಂಟು, ಅದನ್ನ ಯಾವ ಡ್ರೈವಿಂಗ್ ಸ್ಕೂಲಲ್ಲೂ ಹೇಳಿಕೊಡೋದಿಲ್ಲ. ಬಸ್ಸು ಹೊರಡೋಕೆ ಇನ್ನೂ ಅರ್ಧ ಗಂಟೆ ಇದೆ ಅಂದ್ರೂ ಇಂಜಿನ್ ಆಫ್ ಮಾಡಬಾರದು. ಆಗಾಗ ಅಕ್ಸಿಲರೇಟರ್ ತುಳಿದು ರೇಸ್ ಮಾಡ್ತಿರಬೇಕು. ಒಂದು ಮೊಳ ಮುಂದಕ್ಕೆ, ಒಂದು ಗೇಣು ಹಿಂದಕ್ಕೆ ಆಡಿಸ್ತಿರಬೇಕು. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು, "ಒಲ್ಟೇಬುಡ್ತು, ಒಲ್ಟೇಬುಡ್ತು, ಬನ್ನಿ ಬನ್ನಿ!" ಅಂತ ಗಂಟಲು ಹರ್ಕೋಬೇಕು. ಆಗ ಜನ ಓಡಿ ಬಂದು ಹತ್ತುತ್ತಾರೆ. ಇಂಜಿನ್ ಸುಮ್ಮನಾಯ್ತೋ, ಹತ್ತಿದೋರೂ ಇಳಿದು ಪಕ್ಕದ ಬಸ್ಸಿಗೆ ಹೋಗ್ತಾರೆ. ಸದ್ದು ಮಾಡದ ಬಸ್ಸು ಕೆಟ್ಟ ಬಸ್ಸು ಅಂತಲೇ ನಮ್ಮ ಜನದ ನಂಬಿಕೆ. ಹಾಗಾಗಿ ಅಲ್ಲಿ ಸಾಲಾಗಿ ನಿಂತ ಬಸ್ಸುಗಳೆಲ್ಲಾ ಬೆಳಗಿನಿಂದ ಸಂಜೆವರೆಗೂ ಎಲ್ಲಿಗೂ ಹೋಗದೇ ಉರೀತಿದ್ವು. ಅಷ್ಟೂ ಬಸ್ಸಿನ ಹಿಂಭಾಗ ಗೋಡೆ ಕಡೆಗೆ. ಗೋಡೆ ಬುಡದಲ್ಲಿ ಹೂವಕ್ಕ.

ನನಗೂ ಅವಳಿಗೂ ಮಾತು ಶುರುವಾಗಿದ್ದೇ ಬೈಗುಳದಿಂದ. ಒಂದಿನ ಗೋಡೆಗೆ ತಾಗೋ ಹಂಗೆ ರಿವರ್ಸ್ ತಗೊಂಡು ನಿಲ್ಲಿಸಿದ್ದೆ. ಬಾಗಿಲ ಮೇಲೆ ಪಟಪಟ ಬಡಿದ ಸದ್ದು. ಇಣುಕಿದ್ರೆ ಹೂವಕ್ಕ, ಸೊಂಟದ ಮೇಲೆ ಕೈ.

"ಲೇ, ನಿನ್ ಬಸ್ಸಿಗೇನ್ ಬೇದಿ ಹತ್ಕಂಡದೇನ್ಲಾ? ನಿಂತ್ಕಂಡೂ ಬುಡ್ತಾನೇ ಅದಲ್ಲ! ನನ್ ಮೊಕ ಏನು ನಿಂಗೆ ಕಕ್ಕಸು ಗುಂಡಿನಾ?"

ಬಸ್ಸಲ್ಲಿದ್ದೋರೆಲ್ಲಾ ನಕ್ಕರು. ನನಗೂ ನಗು ಬಂತು, ಅವಳಿಗೂ ಬಂತು. ಆದರೆ ನಗೋಕೆ ಹೋದ್ಲಲ್ಲ, ಅಲ್ಲಿಗೆ ಕೆಮ್ಮು ಹಿಡ್ಕೊಂಡಿತು. ಎಂಥಾ ಕೆಮ್ಮು ಅಂದ್ರೆ ಬಸ್ಸಿನ ಮೈಗೆ ಕೈಯೂರಿ ಬಗ್ಗಿ ನಿಂತಳು. ನೋಡ್ತಿದ್ದ ಹಂಗೇ ಕಣ್ಣು ಕೆಂಪಾಗಿ ನೀರು ಸುರೀತು. ನನ್ನ ನಗು ಅಲ್ಲೇ ನಿಂತುಹೋಯ್ತು. ಕೀ ತಿರುಗಿಸಿ ಆಫ್ ಮಾಡಿದೆ. ತಕ್ಷಣ ಹಿಂದಿನ ಸೀಟಿಂದ ಒಬ್ಬ ಎದ್ದು, "ಯಾಕಣ್ಣ, ಕೆಟ್ಟೋಯ್ತಾ?" ಅಂತ ಬ್ಯಾಗು ತಗೊಂಡು ಇಳಿದುಹೋದ.

ಅವಳು ಒಳ್ಳೇ ಸಾಧ್ವಿ ಅಂತ ಬರೆಯೋಕೆ ನನಗೆ ಆಗೋದಿಲ್ಲ. ಮಾರು ಹಾಕುವಾಗ ಮೊಣಕೈ ಮಡಿಸಿ ಮೋಸ ಮಾಡೋಳು. ನಿನ್ನೆ ಹೂವಿಗೆ ನೀರು ಚಿಮುಕಿಸಿ ಇವತ್ತಿಂದು ಅನ್ನೋಳು. ಇನ್ನೊಬ್ಬರ ಮನೆ ಸುದ್ದಿ ಬೇಕಾದ್ರೆ ಅವಳ ಹತ್ತಿರ ಹೋಗಿ ನಿಂತ್ರೆ ಸಾಕು. ಆದ್ರೆ ಆ ಜಾಗದ ಜೀವ ಅವಳು. ಹೆರಿಗೆಗೆ ಹೊರಟೋಳಿಗೆ ಸೀಟು ಕೊಡಿಸೋಳು, ಕುಡಿದು ಬಂದೋನಿಗೆ ಎರಡು ಬಿಟ್ಟು ನಿಂಬೆಹಣ್ಣು ಕೊಡೋಳು. ಗಂಡ ಹೋಗಿ ಬಾಳ ಕಾಲವಾಗಿತ್ತು. ಮಗಳನ್ನ ಕೆ.ಆರ್.ಪೇಟೆಗೆ ಕೊಟ್ಟಿದ್ದಳು. "ಬಾರವ್ವ, ನಮ್ಮನೇಲೇ ಇದ್ಬುಡು" ಅಂತ ಮಗಳು ಕರೀತಿದ್ದಳು, ಅಳಿಯನೂ ಕರೀತಿದ್ದ. ಇವಳು ಹೋಗ್ತಿರಲಿಲ್ಲ. ಮನೆಯೊಳಗೆ ಕೂತ್ರೆ ಬಾಯಿಗೆ ಬೀಗ ಬೀಳ್ತದೆ ಅನ್ನೋಳು.

ಕೆಮ್ಮು ಜಾಸ್ತಿಯಾಗಿ ಡಾಕ್ಟರ ಹತ್ತಿರ ಹೋಗಿಬಂದ ದಿನ ನಾನೇ ಕೇಳಿದೆ, ಏನಂದ್ರು ಅಂತ.

"ಜಾಗ ಬುಡು, ಇಲ್ಲಾ ಹೊಗೆ ಬುಡು ಅಂತಾರೆ ಕಣ್ಲಾ. ನಾನೇನ್ ಬೀಡಿ ಸೇದ್ತೀನಾ ಬುಡಕ್ಕೆ? ಸೇದೋವು ನಿಮ್ ಬಸ್ಸುಗಳು, ಕೆಮ್ಮು ನಂಗೆ. ಜಾಗ ಬುಟ್ಟು ನಾನೆಲ್ಲಿಗ್ ಓಗ್ಲಿ? ಈ ಜಾಗ ಬುಟ್ರೆ ಹೊಗೆ ಇಲ್ದೇನೇ ಸತ್ತೋಯ್ತೀನಿ."

ಅವತ್ತಿಂದ ಡ್ರೈವರುಗಳ ಬೆನ್ನು ಹತ್ತಿದಳು. ನಿಂತಿರೋವಾಗ ಇಂಜಿನ್ ಆಫ್ ಮಾಡ್ರಪ್ಪಾ ಅಂತ ಒಬ್ಬೊಬ್ಬರಿಗೂ ಹೇಳಿದಳು, ಬೈದಳು, ಹಲ್ಲುಗಿಂಜಿದಳು. ಎಲ್ಲರಿಗೂ ಅವಳ ಮೇಲೆ ಕನಿಕರ ಇತ್ತು, ಇಲ್ಲ ಅಂದ್ರೆ ಸುಳ್ಳಾಗ್ತದೆ. ಆದ್ರೆ ಕನಿಕರದಿಂದ ಬಸ್ಸು ತುಂಬ್ತದಾ? "ಅಕ್ಕ, ಇಂಜಿನ್ ನಿಲ್ಸುದ್ರೆ ಬಸ್ಸು ಸತ್ತಂಗೆ. ಸತ್ತ ಬಸ್ಸಿಗೆ ಯಾರ್ ಹತ್ತಾರು ಯೋಳು?" ಅಂದ ನಮ್ಮಲ್ಲೇ ಹಿರಿಯ ಡ್ರೈವರೊಬ್ಬ. ಸುಮ್ಮನೆ ಹೋಗಿ ಕೂತು ಹೂವು ಕಟ್ಟಿದಳು. ಹೂವಕ್ಕ ಸುಮ್ಮನಿದ್ದಾಳೆ ಅಂದ್ರೆ ಏನೋ ಮಸಲತ್ತು ನಡೀತಿದೆ ಅಂತ ನಾವು ತಿಳ್ಕೋಬೇಕಿತ್ತು.

ದಿನಾ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುಂಚೆ ಎಲ್ಲಾ ಬಸ್ಸಿನೋರೂ ಅವಳ ಹತ್ತಿರ ಒಂದು ಮಾರು ಹೂವು ತಗೊಂಡು ದೇವರ ಫೋಟೋಕ್ಕೋ, ಮುಂದಿನ ಗಾಜಿನ ಮೇಲೋ ಹಾಕೋದು ವಾಡಿಕೆ. ಒಂದಿನ ಬೆಳಿಗ್ಗೆ ಹೋದ್ರೆ ಯಾರಿಗೂ ಹೂವು ಕೊಡಲಿಲ್ಲ. ಫೋಟೋಕ್ಕೆ ಬೇಕಾದ್ರೆ ಎರಡು ಬಿಡಿ ಹೂ ತಗೊಳ್ಳಿ, ಹಾರ ಮಾತ್ರ ನಾನೇ ಬಂದು ಕಟ್ಟೋದು ಅಂದ್ಲು. "ಯಾವ್ ಬಸ್ಸು ಮುಂದ್ಕೆ ಒಲ್ಡ್ತದೋ ಅದ್ಕೇ ಕಟ್ಟೋದು. ಮಿಕ್ಕಿದ್ವು ಬೋಳು ಮೊಕ ಇಟ್ಕಂಡ್ ನಿಂತಿರ್ಲಿ. ಹೂವ ಇರೋ ಬಸ್ಸು ಮೊದ್ಲು. ಜನಕ್ಕೆ ನಾನ್ ಯೋಳ್ತೀನಿ. ನೀವು ಇಂಜಿನ್ ಆಫ್ ಮಾಡ್ರಿ."

ಕೇಳಿದೋರು ನಕ್ಕರು. ನಾನು ಒಪ್ಪಿಕೊಂಡೆ. ದೊಡ್ಡ ಮನಸ್ಸಿನಿಂದಲ್ಲ, ಅವಳ ಬಾಯಿಗೆ ಹೆದರಿ.

ಮೊದಲ ದಿನ ದೊಡ್ಡ ರಂಪ. ನನ್ನ ಬಸ್ಸಿನ ವೈಪರಿಗೆ ಹಳದಿ ಸೇವಂತಿಗೆ ಹಾರ ಕಟ್ಟಿದ್ಲು, ನಾನು ಇಂಜಿನ್ ಆಫ್ ಮಾಡಿದೆ, ಜನ ದಡಬಡ ಎದ್ದರು. ಅವಳು ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು. "ಕೂತ್ಕಳ್ರಿ ಎಲ್ಲಾ! ಇದೇ ಮೊದ್ಲು ಒಲ್ಡಾದು. ಒಲ್ಡ್ಲಿಲ್ಲಾ ಅಂದ್ರೆ ಈ ಕುಕ್ಕೇನ ನನ್ ತಲೆ ಮೇಲೆ ಸುರ್ಕತೀನಿ. ಏನ್ ನೆಂಟ್ರ ಮನೆಗ್ ಊಟಕ್ಕೆ ಓಗಾರಂಗ್ ಆಡ್ತೀರಿ!" ಪಕ್ಕದ ಬಸ್ಸಿನ ಕಂಡಕ್ಟರು ಇತ್ತ ಕಡೆ ನೋಡಿ ಒಲ್ಟೇಬುಡ್ತು ಅಂತ ಅರಚ್ತಾನೇ ಇದ್ದ. ಆದ್ರೆ ಹೊರಟಿದ್ದು ನನ್ನ ಬಸ್ಸೇ. ಹೊರಡುವಾಗ ಕಿಟಕಿ ಪಕ್ಕ ಕೂತಿದ್ದ ಮುದುಕ ಆ ಕಂಡಕ್ಟರಿಗೆ ಕೈ ಬೀಸಿ ಟಾಟಾ ಮಾಡಿದ. ಬಸ್ಸಿಡೀ ಹೋ ಅಂತು.

ಹಳ್ಳಿ ಜನ ಇಂಥದ್ದನ್ನ ಬೇಗ ಹಿಡ್ಕೋತಾರೆ. ಸ್ವಲ್ಪ ದಿನದಲ್ಲೇ ಬಂದೋರು ಸದ್ದು ಕೇಳೋದು ಬಿಟ್ಟು, "ಹೂವ ಯಾವುದ್ರ ಮೇಲದೆ?" ಅಂತ ಮುಂದಿನ ಗಾಜು ನೋಡೋಕೆ ಶುರುಮಾಡಿದ್ರು. ಹೂವಿದ್ದ ಬಸ್ಸಿಗೆ ಹತ್ತಿ ನೆಮ್ಮದಿಯಾಗಿ ಕೂರೋರು. ಅದು ಹೊರಡ್ತಿದ್ದ ಹಂಗೇ ಹೂವಕ್ಕ ಹಾರ ಬಿಚ್ಚಿ ಮುಂದಿನ ಬಸ್ಸಿಗೆ ಕಟ್ಟೋಳು. ಇನ್ನು ರೇಸ್ ಮಾಡಿ ಯಾರನ್ನ ಕರೀಬೇಕು? ಒಬ್ಬೊಬ್ಬರಾಗಿ ಆಫ್ ಮಾಡಿದ್ರು. ಆ ಹಿರಿಯ ಡ್ರೈವರೂ ಮಾಡಿದ. ಮೊದಮೊದಲು ಆ ನಿಶ್ಶಬ್ದ ಕೇಳಿ ನಮಗೇ ಗಾಬರಿ, ಸ್ಟ್ರೈಕೇನಾದ್ರೂ ಶುರುವಾಯ್ತಾ ಅಂತ. ಆಮೇಲೆ ಒಗ್ಗಿತು. ಟೀ ಅಂಗಡಿ ಗ್ಲಾಸಿನ ಸದ್ದು, ಯಾರದೋ ಕಂಕುಳಲ್ಲಿರೋ ಕೋಳಿ ಕೊಕ್ ಅನ್ನೋದು ಕೇಳೋದು. ಹೂವಕ್ಕ ಅಷ್ಟು ದೂರದಲ್ಲಿ ಕೂತು ಯಾರ ಸುದ್ದಿ ಎತ್ತಿದಾಳೆ ಅನ್ನೋದೂ ಕೇಳೋದು. ಅವಳ ಕೆಮ್ಮು ಇಳೀತು. ಪೂರ್ತಿ ಹೋಗಲಿಲ್ಲ, ಇಳೀತು. "ಮಲೀಕಂಡ್ರೆ ನಿದ್ದೆ ಬತ್ತದೆ ಕಣ್ಲಾ ಈಗ" ಅಂತ ಒಂದಿನ ತಾನಾಗೇ ಬಂದು ಹೇಳಿ, ನನ್ನ ಕೈಗೆ ಒಂದು ಹಿಡಿ ಕನಕಾಂಬರ ತುರುಕಿ, ಹೆಂಡ್ತಿಗೆ ಕೊಡು ಅಂದ್ಲು. ಅವಳು ಪುಕ್ಕಟೆ ಹೂವು ಕೊಟ್ಟಿದ್ದು ಅದೇ ಮೊದಲು.

ಆ ದಿನಗಳು ಹಂಗೇ ಇದ್ದಿದ್ರೆ… ಇರಲಿಲ್ಲ.

ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ ಅಂತಾಯ್ತಲ್ಲ. ಒಳ್ಳೇದೇ ಆಯ್ತು ಬಿಡಿ, ನನ್ನ ಹೆಂಡ್ತಿನೂ ಅದರಲ್ಲೇ ತವರಿಗೆ ಹೋಗಿಬಂದ್ಲು, ಹೂವಕ್ಕನೂ ಮಗಳ ಮನೆಗೆ ಅದರಲ್ಲೇ ಹೋಗ್ತಿದ್ಲು. ನಮ್ಮ ಪ್ರೈವೇಟ್ ಬಸ್ಸುಗಳಲ್ಲಿ ಮಾತ್ರ ಸೀಟು ಖಾಲಿ. ಇದ್ದಬದ್ದ ಗಂಡಸರಿಗಾಗಿ ಬಸ್ಸು ಬಸ್ಸಿಗೂ ಕಿತ್ತಾಟ ಶುರುವಾಯ್ತು. ಹೂವಿಗಾಗಿ ಕಾದು ಕೂರೋ ತಾಳ್ಮೆ ಯಾರಿಗೂ ಉಳೀಲಿಲ್ಲ.

ಅಂಥದ್ರಲ್ಲಿ ಒಂದು ಬೆಳಿಗ್ಗೆ ನೋಡ್ತೀವಿ, ಒಂದು ಬಸ್ಸಿನ ಮುಂದೆ ದಪ್ಪನೆ ಹಾರ. ಹೂವಕ್ಕ ಕಟ್ಟಿದ್ದಲ್ಲ. ಹತ್ತಿರ ಹೋಗಿ ಮುಟ್ಟಿದ್ರೆ ಪ್ಲಾಸ್ಟಿಕ್ಕು! ಬಾಡೋದಿಲ್ಲ, ಉದುರೋದಿಲ್ಲ, ಬಿಚ್ಚೋ ಕೆಲಸವೂ ಇಲ್ಲ. ಆ ಬಸ್ಸು ಹೋಗ್ತಾನೂ ಮೊದಲು, ಬರ್ತಾನೂ ಮೊದಲು. ಆ ಡ್ರೈವರು ಕೆಟ್ಟೋನಲ್ಲ. ಸೀಟು ತುಂಬದೇ ಹೋದ್ರೆ ಕೆಲಸ ಬಿಡು ಅಂತ ಅವನ ಓನರು ಹೇಳಿದ್ದ. ಇದ್ದ ಬುದ್ಧಿ ಅವನೂ ಓಡಿಸಿದ. ಆ ವಾರದೊಳಗೆ ಎಲ್ಲಾ ಬಸ್ಸಿಗೂ ಪ್ಲಾಸ್ಟಿಕ್ ಹಾರ ಬಂತು. ನಮ್ಮ ಓನರು ತಂದು ಕಟ್ಟಿಸಿದ್ದನ್ನ ನಾನು ಕಿತ್ತು ಮೋರಿಗೆ ಬಿಸಾಕಿದೆ. ಮಾರನೇ ದಿನ ಇನ್ನೊಂದು ತಂದ. ಎಲ್ಲಾ ಬಸ್ಸಿನ ಮೇಲೂ ಹೂವು ಬಂದ ಮೇಲೆ ಜನ ಏನು ಮಾಡ್ತಾರೆ? ಮತ್ತೆ ಕಿವಿ ಕೊಟ್ಟರು. ಸದ್ದು ಮಾಡ್ತಿರೋ ಬಸ್ಸಿಗೆ ಹತ್ತಿದ್ರು. ಇಂಜಿನ್ನುಗಳೆಲ್ಲಾ ಮತ್ತೆ ಶುರುವಾದ್ವು.

ನಾನು ಹಠಕ್ಕೆ ಬಿದ್ದು ಆಫ್ ಮಾಡೇ ನಿಲ್ಲಿಸ್ತಿದ್ದೆ. ಖಾಲಿ ಬಸ್ಸು ಓಡಿಸ್ತಿದ್ದೆ. ಓನರು ಒಂದಿನ ಬೈದ, ಎರಡು ದಿನ ಬೈದ, ಆಮೇಲೆ ಬೈಯೋದನ್ನೇ ಬಿಟ್ಟ. ಬೈಗುಳ ನಿಂತ್ರೆ ಅದು ಯಾವುದಕ್ಕೆ ಪೀಠಿಕೆ ಅಂತ ಕೆಲಸದಲ್ಲಿರೋರಿಗೆ ಗೊತ್ತು. ಅಂಥ ಒಂದು ಮಧ್ಯಾಹ್ನ ಹೂವಕ್ಕ ಎದ್ದು ಬಂದಳು. ಎರಡು ಹೆಜ್ಜೆಗೊಂದು ಸಲ ನಿಂತು ಉಸಿರು ಎಳ್ಕೊಂಡು ಬಂದಳು. ನನ್ನ ಬಾಗಿಲ ಹತ್ತಿರ ನಿಂತು ತಲೆ ಎತ್ತಿ ನೋಡಿದಳು.

"ಇಂಜಿನ್ ಆನ್ ಮಾಡ್ಲಾ."

"ಏನಕ್ಕ ಇಂಗಂತೀಯ?"

"ನೀನೊಬ್ಬ ಆಫ್ ಮಾಡುದ್ರೆ ಹೊಗೆ ಕಮ್ಮಿ ಆದದಾ? ನಂಗೇನೂ ಉಳಿಯಾಕಿಲ್ಲ, ನಿನ್ ಕೆಲ್ಸ ಓಯ್ತದೆ. ಮನೇಲಿ ಒಲೆ ಉರೀಬೇಕಲ್ವೇನ್ಲಾ? ಆನ್ ಮಾಡು ಅಂದ್ನಲ್ಲ!"

ಸ್ವಂತ ಅಕ್ಕ ಬೈದ ಹಂಗೆ ಬೈದಳು. ನಾನು ಕೀ ತಿರುಗಿಸಿದೆ. ಇಂಜಿನ್ ಎತ್ಕೊಂಡಿತು. ಅವಳು ತಿರುಗಿ ನೋಡದೆ ಗೋಡೆ ಬುಡಕ್ಕೆ ಹೋಗಿ, ಸೆರಗಿನಿಂದ ಬಾಯಿ ಮುಚ್ಕೊಂಡು ಕೂತಳು. ಆ ದಿನ ನನಗೆ ಬಂದ ಕೋಪ ಯಾರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ. ಓನರ ಮೇಲಾ, ಜನದ ಮೇಲಾ, ಆ ಪ್ಲಾಸ್ಟಿಕ್ ಹೂವಿನ ಮೇಲಾ… ಬಿಂಡಿಗನವಿಲೆ ಮುಟ್ಟೋವರೆಗೂ ಹಾರ್ನ್ ಹೊಡ್ಕೊಂಡೇ ಹೋದೆ.

ಗುಡಿ ಮುಂದೆ ಹೋಗಿ ಕೂರು ಅಂತ ಎಲ್ಲರೂ ಹೇಳಿದ್ವಿ. ನಾಕು ದಿನ ಹೋದಳು ಕೂಡ. ಐದನೇ ದಿನ ಕುಕ್ಕೆ ತಗೊಂಡು ವಾಪಸ್ಸು. ಕೇಳಿದ್ರೆ, "ಅಲ್ಲಿ ದೇವ್ರು ಮಾತಾಡಾಕಿಲ್ಲ, ಬಂದೋರೂ ಅವನ್ ಜೊತೇಲೇ ಮಾತಾಡ್ಕಂಡು ಓಯ್ತಾರೆ" ಅಂದ್ಲು. ಮಳೆಗಾಲದಲ್ಲಿ ಆಸ್ಪತ್ರೆ ಸೇರಿದಳು, ಬಂದಳು, ಮತ್ತೆ ಸೇರಿದಳು. ಬಸ್ಸಿನ ಹೊಗೆಯಿಂದಲೇ ಹಂಗಾಯ್ತು ಅಂತ ಯಾವ ಡಾಕ್ಟರೂ ಹೇಳಲಿಲ್ಲ. ಮನೆಯಲ್ಲಿ ಸೌದೆ ಒಲೆ ಇತ್ತು, ವಯಸ್ಸೂ ಆಗಿತ್ತು. ಅದೆಲ್ಲಾ ಸರಿ. ಆದ್ರೆ ಅವಳು ನಿದ್ದೆ ಬತ್ತದೆ ಅಂದಿದ್ದು ಯಾವಾಗ ಅನ್ನೋದು ನನಗೆ ಗೊತ್ತು.

ತೀರ್ಕೊಂಡ ದಿನ ಮಗಳು ಕೆ.ಆರ್.ಪೇಟೆಯಿಂದ ಬಂದಿದ್ದಳು. ಬಸ್ಸಿನೋರೆಲ್ಲಾ ಹೋಗಿದ್ವಿ, ಡ್ರೈವರು, ಕಂಡಕ್ಟರು, ಟೀ ಅಂಗಡಿಯೋನು. ಮನೆ ಮುಂದೆ ಚಟ್ಟದ ಮೇಲೆ ಮಲಗಿಸಿದ್ರು. ಮಣ್ಣು ಮಾಡೋ ಜಾಗ ಕೆರೆ ಆಚೆ, ದೂರ ಅಂತ ಒಂದು ಗಾಡಿ ಹೇಳಿದ್ರು. ಆ ಗಾಡಿಯೋನು ಬಂದೋನೇ ರಿವರ್ಸ್ ತಗೊಂಡು ಅವಳ ಹತ್ತಿರಕ್ಕೇ ನಿಲ್ಲಿಸಿ, ಇಳಿದು ಎಲೆ ಅಡಿಕೆ ಹಾಕ್ತಾ ನಿಂತ. ಇಂಜಿನ್ ಓಡ್ತಾನೇ ಇತ್ತು. ಪೂಜೆ ಮುಗಿಯೋವರೆಗೂ, ಬಾಯಿಗೆ ಅಕ್ಕಿ ಹಾಕೋರು ಹಾಕೋವರೆಗೂ, ಅಷ್ಟು ಹೊತ್ತೂ ಹೊಗೆ ಅವಳ ಮುಖದ ಮೇಲೆ. ನನಗೆ ತಡೀಲಿಲ್ಲ.

"ಆಫ್ ಮಾಡಯ್ಯಾ!" ಅಂದೆ.

"ಬ್ಯಾಟ್ರಿ ವೀಕಣ್ಣ, ನಿಲ್ಸುದ್ರೆ ತಿರ್ಗಾ ಎತ್ಕಳಾಕಿಲ್ಲ. ಇನ್ನೇನ್ ಒಲ್ಟೇಬುಡ್ತೀವಲ್ಲ."

ಕಿಟಕಿಯಲ್ಲಿ ಕೈ ಹಾಕಿ ನಾನೇ ಕೀ ತಿರುಗಿಸಿದೆ. ಸದ್ದು ನಿಂತಿದ್ದೇ ತಡ, ಅಳ್ತಿದ್ದೋರೂ ಅಳು ನಿಲ್ಲಿಸಿ ತಿರುಗಿ ನೋಡಿದ್ರು. ಒಳಗಿಂದ ಯಾರೋ, "ಯಾಕೆ, ಗಾಡಿ ಕೆಟ್ಟೋಯ್ತಾ?" ಅಂದ್ರು. ಅವನು ಹೇಳಿದ್ದು ನಿಜವೇ ಆಗಿತ್ತು, ಆಮೇಲೆ ಎಷ್ಟು ತಿರುಗಿಸಿದ್ರೂ ಎತ್ಕೊಳ್ಳಲಿಲ್ಲ. ಅವನು ನನ್ನ ಮೇಲೆ ಹಾರಾಡಿದ. ನಮ್ಮ ಹಿರಿಯ ಡ್ರೈವರು ಮುಂದೆ ಬಂದು, "ಬುಡಯ್ಯಾ ನಿನ್ ಗಾಡಿ, ನಾವೇ ಒತ್ಕಂಡೋಯ್ತೀವಿ" ಅಂದ. ಜಾತಿ ಗೀತಿ ಯಾರೂ ಕೇಳಲಿಲ್ಲ. ಪ್ಲಾಸ್ಟಿಕ್ ಹಾರ ಕಟ್ಟಿದ ಡ್ರೈವರು ಹೆಗಲು ಕೊಟ್ಟ, ನಾನೂ ಕೊಟ್ಟೆ. ಅವನು ಮಕ್ಕಳ ಹಂಗೆ ಅಳ್ತಿದ್ದ.

ದಾರಿ ಬಸ್ಸು ನಿಲ್ಲೋ ಜಾಗದ ಮುಂದೆಯೇ ಹೋಗ್ತಿತ್ತು. ಅಲ್ಲಿಗೆ ಬಂದಾಗ ಕಂಡಿದ್ದನ್ನ ಹೆಂಗೆ ಬರೀಲಿ… ನಮ್ಮವೇ ಬಸ್ಸುಗಳು ಸಾಲಾಗಿ ನಿಂತಿದ್ವು. ಡ್ರೈವರುಗಳೆಲ್ಲಾ ಇಲ್ಲಿ, ಅವಳನ್ನ ಹೊತ್ಕೊಂಡು. ಸೀಟಿನಲ್ಲಿ ಯಾರೂ ಇಲ್ಲ. ಆದ್ರೆ ನನ್ನದೊಂದು ಬಿಟ್ಟು ಅಷ್ಟೂ ಬಸ್ಸಿನ ಇಂಜಿನ್ ಓಡ್ತಿತ್ತು. ಬೇಗ ಮುಟ್ಟಿಸಿ ಬಂದುಬಿಡೋಣ, ಜನ ಇಳಿದುಹೋದ್ರೆ ಕಷ್ಟ ಅಂತ ಆನಲ್ಲೇ ಬಿಟ್ಟು ಬಂದಿದ್ರು. ಯಾರೂ ಬೇಕು ಅಂತ ಮಾಡಿದ್ದಲ್ಲ, ಯಾರಿಗೂ ಅದು ಕಾಣಿಸಲೂ ಇಲ್ಲ. ನೀಲಿ ಹೊಗೆ ರೋಡಿಗೆ ಅಡ್ಡ ನಿಂತಿತ್ತು. ಓಡಿಹೋಗಿ ಒಂದೊಂದಾಗಿ ಆಫ್ ಮಾಡಬೇಕು ಅನ್ನಿಸ್ತು. ಆದ್ರೆ ಚಟ್ಟದ ಮುಂದಿನ ಕೊನೆ ನನ್ನ ಹೆಗಲ ಮೇಲಿತ್ತು, ಕೈ ಬಿಡೋ ಹಾಗಿರಲಿಲ್ಲ. ಹೂವಕ್ಕನ್ನ ಆ ಹೊಗೆಯೊಳಗಿಂದಲೇ ದಾಟಿಸಿಕೊಂಡು ಹೋದ್ವಿ.

ಅದಾದ ಮೇಲೆ ನನಗೆ ಆ ರೂಟು ಬೇಡವಾಯ್ತು. ಪಾಂಡವಪುರದಲ್ಲಿ ಮನೆ ಮಾಡಿ ಈ ಟೂರಿಸ್ಟ್ ಗಾಡಿ ಹಿಡಿದೆ.

ಮೊನ್ನೆ ಇದನ್ನೆಲ್ಲಾ ನೆನೆಸ್ಕೊಂಡು ಸುಮ್ಮನೆ ನಿಲ್ಲೋಕೆ ಆಗಲಿಲ್ಲ. ಪಕ್ಕದ ಬಸ್ಸಿನ ಹತ್ತಿರ ಹೋಗಿ ಗಾಜು ತಟ್ಟಿದೆ. ಹುಡುಗ ಡ್ರೈವರು, ನಿದ್ದೆಗಣ್ಣಲ್ಲಿ ಗಾಜು ಇಳಿಸಿದ. ಒಳಗಿನ ತಣ್ಣನೆ ಗಾಳಿ ನನ್ನ ಮುಖಕ್ಕೆ ಬಂತು. "ಏನಣ್ಣಾ?" ಅಂದ, ಮರ್ಯಾದೆಯಿಂದಲೇ. ಇಂಜಿನ್ ಆಫ್ ಮಾಡಪ್ಪಾ ಅನ್ನೋಕೆ ಬಾಯಿ ತೆಗೆದೆ. ಯಾಕೆ ಅಂತ ಕೇಳಿದ್ರೆ ಎಲ್ಲಿಂದ ಶುರು ಮಾಡಲಿ? ಹೂವಕ್ಕ ಆಗಿದ್ರೆ ಅವನ ವಂಶವನ್ನೆಲ್ಲಾ ಒಂದು ಸುತ್ತು ಬೈದು, ನಗಿಸಿ, ಕೀ ತೆಗೆಸಿ ಜೇಬಿಗೆ ಹಾಕ್ಸೋಳು. ಅವಳ ಜಾಗದಲ್ಲಿ ಇನ್ಯಾರೋ ಕೂರಬಹುದು, ಆ ಬಾಯಿ ಎಲ್ಲಿಂದ ತರೋಣ?

"ಟೈಮೆಷ್ಟಪ್ಪಾ?" ಅಂತ ಕೇಳಿದೆ. ಹೇಳಿದ. ಗಾಜು ಏರಿಸ್ಕೊಂಡ.